ಬೂಟಿನೊಳಗೆ ಬಚ್ಚಿಟ್ಟ ಮಂಡಿ ನೋವು

ಇವತ್ತು ಬೆಳಿಗ್ಗೆ ಹಾಸನದ ಮಹಾರಾಜ ಪಾರ್ಕಿನ ಹತ್ತಿರ ಒಬ್ಬ ಟೇಬಲ್ ಹಾಕಿಕೊಂಡು ಸಿಲಿಕಾನ್ ಸೋಲ್ ಮಾರುತ್ತಿದ್ದ. ‘ಆಪರೇಷನ್ ಬೇಡ, ಇದನ್ನ ಶೂ ಒಳಗೆ ಹಾಕಿ, ಮಂಡಿ ಸವೆತ ಮಾಯ’ ಅಂತ. ನಮ್ಮ ವಾಕಿಂಗ್ ಬಳಗದ ಅರ್ಧ ಜನ ಅಲ್ಲೇ ಮುತ್ತಿಕೊಂಡಿದ್ದರು. ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಜಾಸ್ತಿ ಅಂದರೆ ಜಗಳಕ್ಕೆ ನಿಲ್ಲುವವರು, ಇಲ್ಲಿ ಚೌಕಾಸಿಯನ್ನೂ ಮಾಡಲಿಲ್ಲ.

ಮೈ ಉರಿದು ಬರೆಯುತ್ತಿದ್ದೇನೆ. ನನಗೂ ಎಡ ಮಂಡಿ ನೋವಿದೆ, ಅದರ ಪುರಾಣ ಇಲ್ಲಿ ಶುರು ಮಾಡುವುದಿಲ್ಲ.

ಸವೆಯುವುದು ಮಂಡಿಯೊಳಗಿನ ಕಾರ್ಟಿಲೇಜ್, ಅಂದರೆ ಮೂಳೆಗಳ ತುದಿಯನ್ನು ಮುಚ್ಚಿರುವ ನುಣುಪು ಪದರ. ಅಂಗಾಲಿನ ಕೆಳಗಿಟ್ಟ ಮೆತ್ತೆ ಅದನ್ನು ಮತ್ತೆ ಬೆಳೆಸುತ್ತದಾ? ಹಾಗಂತ ಈ ಸೋಲ್ ತಲೆಬುಡ ಇಲ್ಲದ್ದು ಅಂತಲೂ ಅಲ್ಲ. ತುಂಬಾ ಜನರಿಗೆ ಮಂಡಿಯ ಒಳಬದಿ ಸವೆಯುತ್ತದೆ. ಸೋಲಿನ ಹೊರ ಅಂಚನ್ನು ಸ್ವಲ್ಪ ಎತ್ತರ ಮಾಡಿದರೆ ಒಳಬದಿಯ ಭಾರ ಒಂಚೂರು ಇಳಿಯುತ್ತದೆ. ಲೆಕ್ಕ ಚೆನ್ನಾಗಿದೆ, ನೋವು ಮಾತ್ರ ಆ ಲೆಕ್ಕ ಕೇಳಲಿಲ್ಲ. ಆಸ್ಟ್ರೇಲಿಯಾದಲ್ಲಿ 200 ಜನರನ್ನು ಒಂದು ವರ್ಷ ನೋಡಿದರು. ಕೆಲವರಿಗೆ ಅಂಚು ಎತ್ತಿದ ಸೋಲ್, ಉಳಿದವರಿಗೆ ಸಪಾಟು ಸೋಲ್. 2011ರಲ್ಲಿ ಬಂದ ಫಲಿತಾಂಶ: ನೋವಿನಲ್ಲೂ ವ್ಯತ್ಯಾಸವಿಲ್ಲ, ಸವೆತದಲ್ಲೂ ಇಲ್ಲ. ಅಮೆರಿಕದ ಕೀಲುರೋಗ ತಜ್ಞರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2019ರ ಮಾರ್ಗಸೂಚಿ ಕೂಡ ಇಂಥ ಅಂಚು ಎತ್ತಿದ ಸೋಲ್ ಬೇಡ ಎನ್ನುವ ಕಡೆಗೇ ವಾಲಿದೆ. ಅದು ಒತ್ತಿ ಹೇಳುವುದು ವ್ಯಾಯಾಮ, ತೂಕ ಇಳಿಸುವುದು, ನಡೆಯಲು ಕಷ್ಟವಾದರೆ ಕೋಲು. ಇವನ್ನೆಲ್ಲ ಟೇಬಲ್ ಹಾಕಿಕೊಂಡು ಯಾರು ಮಾರುತ್ತಾರೆ ಹೇಳಿ?

ಅದೂ ಇರಲಿ, ನಾವು ಶೂ ಹಾಕುವುದೇ ಎಷ್ಟು ಹೊತ್ತು? ಮನೆ ಬಾಗಿಲಲ್ಲಿ ಬಿಚ್ಚಿಡುತ್ತೇವೆ. ಅಡುಗೆಮನೆಯಲ್ಲಿ ಬರಿಗಾಲು. ಹಾಸನಾಂಬೆ ದರ್ಶನಕ್ಕೆ ಬರಿಗಾಲು. ಶ್ರವಣಬೆಳಗೊಳದ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತುವಾಗಲೂ ಶೂ ಕೆಳಗೇ. ನಮ್ಮ ಮನೆಯವಳು ಪೇಟೆಗೂ ಹವಾಯಿ ಚಪ್ಪಲಿಯಲ್ಲೇ ಹೋಗುವವಳು. ಅದರೊಳಗೆ ಇವನು ಸೋಲನ್ನು ಎಲ್ಲಿ ತುರುಕುತ್ತಾನೋ!

‘ನನಗೆ ಕಡಿಮೆ ಆಗಿದೆ ಕಣ್ರೀ’ ಅನ್ನುವವರಿದ್ದಾರೆ. ಆಗಿರಬಹುದು. ಮೆತ್ತಗಿದ್ದರೆ ಕಾಲಿಗೆ ಹಾಯ್ ಅನ್ನಿಸುತ್ತದೆ, ಹಾಕಿಕೊಳ್ಳಿ, ಯಾರು ಬೇಡ ಅಂದರು? ಕಾಲಿಗೆ ಸರಿಹೊಂದುವ ಒಳ್ಳೆ ಶೂ ಕೊಂಡರೂ ಆ ಸುಖ ಸಿಗುತ್ತದೆ. ಅದನ್ನು ಸವೆತಕ್ಕೆ ಮದ್ದು ಅಂತ ಮಾರಬೇಡಿ ಅನ್ನುವುದಷ್ಟೇ ನನ್ನ ತಕರಾರು.

ಸೋಲ್ ಯಾಕೆ ಇಷ್ಟು ಖರ್ಚಾಗುತ್ತದೆ ಗೊತ್ತಾ? ಅದು ಯಾರಿಗೂ ಕಾಣುವುದಿಲ್ಲ. ಕೋಲು ಕಾಣುತ್ತದೆ. ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಕೋಲು ಹಿಡಿದರೆ ಮಂಡಿಯ ಮೇಲಿನ ಭಾರ ಇಳಿಯುತ್ತದೆ. ಹಾಗಾಗಿ ನಾನು ಬಲಗೈಯಲ್ಲಿ ಹಿಡಿಯುತ್ತೇನೆ. ಆದರೆ ನಿಜ ಹೇಳಲಾ? ಮದುವೆ ಮನೆಗೆ ಹೋದಾಗ ಅದನ್ನು ಕಾರಿನಲ್ಲೇ ಬಿಟ್ಟು ಇಳಿಯುತ್ತೇನೆ. ಬೀಗರ ಮುಂದೆ ಮುದುಕನಾಗಲು ನನಗೂ ಮನಸ್ಸಿಲ್ಲ.

ತೂಕ ಜಾಸ್ತಿ ಇರುವವರು 1 ಕೆಜಿ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಹೊರೆ ಸುಮಾರು 4 ಕೆಜಿ ತಗ್ಗುತ್ತದೆ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಗೆ ಆಸರೆ. ಕೂತಲ್ಲೇ ಒಂದೊಂದೇ ಕಾಲನ್ನು ನೇರಕ್ಕೆ ಚಾಚಿ, ಸ್ವಲ್ಪ ಹೊತ್ತು ಹಿಡಿದು, ನಿಧಾನ ಇಳಿಸಿ. ಬಿಗಿ ಎಷ್ಟು, ಸಲ ಎಷ್ಟು ಅಂತ ಫಿಸಿಯೋಥೆರಪಿಸ್ಟ್ ಹೇಳುತ್ತಾರೆ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ರಾಜಕೀಯ ಮಾತಾಡುತ್ತಲೇ ಮಾಡಬಹುದು. ಹಾಸನದಲ್ಲಿ ಅದಕ್ಕೇನು ಬರವೇ?