ಗೇಣಗಲದ ಕಿಂಡಿ

ಕೊರೊನಾ ಲಾಕ್‌ಡೌನ್ ಸಡಿಲಗೊಂಡು 2020ರ ಜೂನ್‌ನಲ್ಲಿ ಕಚೇರಿಗಳು ಮತ್ತೆ ತೆರೆದಾಗ, ಖಾತಾ ಬದಲಾವಣೆಯ ಕೆಲಸಕ್ಕೆಂದು ಬೆಂಗಳೂರಿನ ಒಂದು ಕಚೇರಿಗೆ ಹೋದ ನನಗೆ ಅಲ್ಲಿನ ಹೊಸ ಆರೋಗ್ಯ ಸುರಕ್ಷಾ ವಿನ್ಯಾಸವನ್ನು ಕಣ್ಣಾರೆ ನೋಡುವ ಭಾಗ್ಯ ಒದಗಿತು. ನೆಲದ ಮೇಲೆ ಆರಡಿಗೊಂದರಂತೆ ಹಳದಿ ವೃತ್ತಗಳಿದ್ದವು; ಗುಮಾಸ್ತರ ಮೇಜಿನ ಮೇಲೆ ಪಾರದರ್ಶಕ ಅಕ್ರಿಲಿಕ್ ಹಾಳೆ ನಿಂತಿತ್ತು; ಹಾಳೆಯ ಬುಡದಲ್ಲಿ ಅರ್ಜಿ ಒಳಗೆ ಹೋಗಲೆಂದು ಗೇಣಗಲದ ಕಿಂಡಿ ಕೊರೆದಿದ್ದರು.

ವೃತ್ತದಲ್ಲಿ ನಿಂತು ಆಡಿದ ಮಾತು ಹಾಳೆಯಾಚೆಗೆ ಕೇಳಿಸುವುದಿಲ್ಲ. ಆದ್ದರಿಂದ ಅರ್ಜಿದಾರನು ವೃತ್ತ ಬಿಟ್ಟು ಮುಂದೆ ಬಂದು, ನಡು ಬಗ್ಗಿಸಿ, ಕಿಂಡಿಗೆ ಬಾಯಿ ಹಚ್ಚಬೇಕು; ಮಾಸ್ಕಿನೊಳಗಿನ ಮಾತು ತಿಳಿಯಲಿಲ್ಲವೆಂದು ಗುಮಾಸ್ತರು ಕೈಯಾಡಿಸಿದರೆ ಅದನ್ನು ಗದ್ದಕ್ಕಿಳಿಸಬೇಕು; ಉತ್ತರ ಕೊಡಲು ಅವರೂ ತಮ್ಮದನ್ನು ಇಳಿಸಿಕೊಂಡು ಅದೇ ಕಿಂಡಿಗೆ ಬಗ್ಗುತ್ತಾರೆ. ಮೊದಲು ಮೇಜಿನ ಆಚೀಚೆ ದೂರವಿದ್ದ ಎರಡು ಮುಖಗಳನ್ನು ಹೀಗೆ ಒಂದು ಗೇಣಿನೊಳಗೆ ತಂದು ಕೂಡಿಸಿದ ಏರ್ಪಾಡಿಗೆ ಅಂತರ ಪಾಲನೆಯೆಂದು ಹೆಸರು. ಸಾಲದ ಗುಟ್ಟು ಹೇಳಿಕೊಳ್ಳುವವರೂ ಇಷ್ಟು ಹತ್ತಿರ ಬಂದದ್ದನ್ನು ನಾನು ಕಂಡಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಾಸ್ಕ್ ಇಲ್ಲದವರಿಗೆ ನಗರದಲ್ಲಿ 1,000 ರೂಪಾಯಿ ದಂಡ ಬಂದು, ಜನರ ಗೋಳಾಟಕ್ಕೆ ವಾರದೊಳಗೆ 250ಕ್ಕೆ ಇಳಿಯಿತಷ್ಟೆ. ಬೀದಿಯಲ್ಲಿ ಮಾಸ್ಕು ಗದ್ದಕ್ಕಿಳಿದರೆ ಪಾಲಿಕೆಯ ಮಾರ್ಷಲ್ ದಂಡದ ರಸೀದಿ ಹರಿಯುತ್ತಿದ್ದರು. ಒಳಗೆ ಗದ್ದಕ್ಕಿಳಿಸದೆ ಕೆಲಸವೇ ಆಗುತ್ತಿರಲಿಲ್ಲ.

ಮೇಲಧಿಕಾರಿಗಳು ಮಾತ್ರ ಕವಾಟವಿರುವ ಎನ್-95 ಧರಿಸಿದ್ದರು. ಉಸಿರು ಬಿಟ್ಟಾಗ ಈ ಕವಾಟ ತೆರೆದುಕೊಳ್ಳುವುದರಿಂದ ಧರಿಸಿದವರ ಸೋಂಕು ಹೊರಬರುವುದನ್ನು ಇದು ತಡೆಯುವುದಿಲ್ಲವೆಂದು ಕೇಂದ್ರ ಆರೋಗ್ಯ ಸಚಿವಾಲಯವು ಮರುತಿಂಗಳು, 2020ರ ಜುಲೈನಲ್ಲಿ, ರಾಜ್ಯಗಳಿಗೆ ಬರೆಯಿತು. ಆದರೂ ಒಳಬರುವುದನ್ನೆಲ್ಲ ಸೋಸಿ, ಹೊರಹೋಗುವುದನ್ನು ಹಾಗೆಯೇ ಬಿಡುವ ಈ ಸಾಧನವು ಅಧಿಕಾರದ ಮುಖಕ್ಕೆ ಅಳತೆ ಕೊಟ್ಟು ಹೊಲಿಸಿದಂತಿತ್ತು.

ಇನ್ನು ಕಿಟಕಿಗಳ ವಿಚಾರ. ಎ.ಸಿ. ಬಂದ ವರ್ಷ ಮೊಳೆ ಹೊಡೆದು ಮುಚ್ಚಿದ ಎರಡು ಕಿಟಕಿಗಳು ಆ ಕೋಣೆಯಲ್ಲಿದ್ದವು. ಎ.ಸಿ. 24ರಿಂದ 30 ಡಿಗ್ರಿಯ ನಡುವೆ ಇರಲಿ, ಹೊರಗಿನ ಗಾಳಿ ಆದಷ್ಟೂ ಒಳಗೆ ಬರಲಿ ಎಂದು ಸರಕಾರದ ಮಾರ್ಗಸೂಚಿಯೇ ಹೇಳುತ್ತಿತ್ತು. ಸೋಂಕು ಗಾಳಿಯಲ್ಲಿ ತೇಲಬಲ್ಲದೆಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿತು. ಆದರೆ ಮೊಳೆ ಕೀಳಲು ಒಂದು ಇಕ್ಕಳ ಸಾಕಾಗುತ್ತದೆ, ಇಕ್ಕಳಕ್ಕೆ ಟೆಂಡರ್ ಕರೆಯಲಾಗದು, ಬಿಲ್ಲಾಗದ ಆರೋಗ್ಯಕ್ಕೆ ಕಡತವೇ ಹುಟ್ಟುವುದಿಲ್ಲ. ಹಾಳೆಯನ್ನಾದರೆ ಚದರಡಿ ಲೆಕ್ಕದಲ್ಲಿ ಅಳೆಯಬಹುದು.

ಕಳೆದ ತಿಂಗಳು ಮತ್ತೆ ಹೋಗಿದ್ದೆ. ವೃತ್ತಗಳು ಸವೆದಿವೆ, ಮೊಳೆಗಳು ತುಕ್ಕು ಹಿಡಿದು ಇನ್ನೂ ಗಟ್ಟಿಯಾಗಿವೆ. ಹಾಳೆಯ ಮೇಲೆ ಊಟದ ವಿರಾಮದ ಚೀಟಿ, ರಜಾಪಟ್ಟಿ, ಬ್ಯಾಂಕಿನ ಕ್ಯಾಲೆಂಡರು ಅಂಟಿಕೊಂಡು ಆಚೆಯವರ ಮುಖವೇ ಕಾಣುವುದಿಲ್ಲ. ಅಭ್ಯಾಸಬಲದಿಂದ ನಾನು ಕಿಂಡಿಗೆ ಬಗ್ಗಿದೆ. ಗುಮಾಸ್ತರು ಹಾಳೆಯ ಪಕ್ಕದಿಂದ ಇಣುಕಿ, "ಸಾರ್, ಈ ಕಡೆ ಬಂದು ಮಾತಾಡಿ, ಅಲ್ಲಿಂದ ಯಾವತ್ತೂ ಕೇಳಿಸಿಲ್ಲ" ಎಂದರು.