ಇಲಿಯ ಹಾಸಿಗೆ, ಹಾವಿನ ನೆಗಡಿ

ಹಾವು ಸಾಕುವವರ ಮನೆಯಲ್ಲಿ ಹಾವಿಗೆ ದೊರೆಯುವ ಗೌರವದ ಕಾಲುಭಾಗವೂ ಅದರ ಊಟಕ್ಕೆಂದು ಸಾಕಿದ ಇಲಿಗಳಿಗೆ ದೊರೆಯುವುದಿಲ್ಲ. ಬಾಲ್ ಪೈಥಾನ್ ಎಂಬ ಜಾತಿಯ ನಮ್ಮ ಹೆಬ್ಬಾವಿನ ಪೆಟ್ಟಿಗೆಯಲ್ಲಿ ಎರಡು ಉಷ್ಣಮಾಪಕಗಳನ್ನೂ ಒಂದು ತೇವಮಾಪಕವನ್ನೂ ಇರಿಸಿದ್ದ ನಾನು, ಅದರ ಕೆಳಗೇ ಇದ್ದ ಇಲಿಗೂಡಿನ ಕುರಿತು ಯೋಚಿಸಿದ್ದು ಮೂಗು ಮುಚ್ಚಿಕೊಳ್ಳಬೇಕಾಗಿ ಬಂದ ದಿನ ಮಾತ್ರ.

ಇಲಿಯ ಮೂತ್ರದಿಂದ ಹುಟ್ಟುವ ಅಮೋನಿಯಾಕ್ಕೆ ಮದ್ದೆಂದರೆ ಹಾಸನ್ನು ಮೇಲಿಂದ ಮೇಲೆ ಬದಲಿಸುವುದು. ಸೋಮಾರಿಯಾದ ನಾನು ಅದರ ಬದಲು ಪರಿಮಳದ ಸೀಡರ್ ಮರವನ್ನು ಹೆರೆದ ಸುರುಳಿಗಳನ್ನು ತಂದು ಗೂಡಿನಲ್ಲಿ ದಪ್ಪಗೆ ಹರಡಿದೆ. ಮನೆಯೆಲ್ಲ ಹೊಸ ಬೀರುವಿನಂತೆ ಘಮಘಮಿಸಿತು. ಮನೆಯವರು ನನ್ನ ಹವ್ಯಾಸವನ್ನು ಹೊಗಳಿದ್ದು ಅದೇ ಮೊದಲು.

ವಾರದೊಳಗೆ ಇಲಿಗಳು ಸೀನತೊಡಗಿದವು. ಇಲಿಯ ಸೀನು ಎಷ್ಟು ಸಣ್ಣದೆಂದರೆ, ಗಡಿಯಾರವೇ ಕೆಟ್ಟಿದೆಯೆಂದು ಭಾವಿಸಿ ನಾನು ಅದಕ್ಕೆ ಹೊಸ ಬ್ಯಾಟರಿ ಹಾಕಿದೆ. ಕೆಲವು ದಿನಗಳಲ್ಲಿ ಹಾವು ಬಾಯಿ ತೆರೆದು ಸಿಳ್ಳೆಯಂಥ ಸದ್ದಿನೊಡನೆ ಉಸಿರಾಡಲಾರಂಭಿಸಿದಾಗಲೇ ನನಗೆ ಎಚ್ಚರವಾದದ್ದು.

ಪಶುವೈದ್ಯರು ಹಾವನ್ನು ನೋಡಿ, “ಇಲಿಗಳನ್ನು ಯಾವುದರ ಮೇಲೆ ಮಲಗಿಸುತ್ತೀರಿ?” ಎಂದು ಕೇಳಿದರು. “ಸೀಡರ್, ಡಾಕ್ಟ್ರೇ. ಬಹಳ ಒಳ್ಳೆಯದು,” ಎಂದೆ ಹೆಮ್ಮೆಯಿಂದ. ನಮಗೆ ಪರಿಮಳವೆನಿಸುವ ಆ ಮರದ ಎಣ್ಣೆಯೇ ಇಲಿಯ ಶ್ವಾಸನಾಳವನ್ನು ಕೆರಳಿಸುತ್ತದೆ, ಅದರ ಯಕೃತ್ತಿನ ಕೆಲಸವನ್ನೂ ಏರುಪೇರು ಮಾಡುತ್ತದೆ, ಹಾವಿಗೂ ಅದು ಒಗ್ಗುವುದಿಲ್ಲ ಎಂದು ಅವರು ವಿವರಿಸಿದರು. ನಮಗಿರುವಂಥ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ಇಲ್ಲದ ಹಾವಿಗೆ ಗಟ್ಟಿಯಾಗಿ ಕೆಮ್ಮಿ ಕಫ ಹೊರಹಾಕಲು ಬಾರದಂತೆ. ನೆಗಡಿಯಾದರೆ ಅದು ಒಳಗೇ ಉಳಿಯುತ್ತದೆ. ಚುಚ್ಚುಮದ್ದು ಹಲವು ದಿನ ನಡೆಯಿತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಎಚ್ಚರದಿಂದ ಎರಡೂ ಮನೆಗಳಿಗೆ ಆಸ್ಪೆನ್ ಮರದ ಹಾಸನ್ನು ತಂದೆ. ಅದರಲ್ಲಿ ಆ ಎಣ್ಣೆಯ ಕಾಟವಿಲ್ಲ, ನಿಜ. ಆದರೆ ಹಾವಿನ ಊಟಕ್ಕೆಂದು ಫ್ರೀಜರಿನಲ್ಲಿಟ್ಟಿದ್ದ ಸತ್ತ ಇಲಿಯ ಹೆಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ, ಒದ್ದೆಯಾಗಿರುವಾಗಲೇ ಹಾಸಿನ ಮೇಲಿಟ್ಟ ನನ್ನ ಜಾಣತನಕ್ಕೆ ಯಾವ ಮರವೂ ಹೊಣೆಯಲ್ಲ. ಇಲಿಯ ಮೈತುಂಬ ಸುರುಳಿಗಳು ಅಂಟಿಕೊಂಡು ಅದಕ್ಕೆ ಋಷಿಗಳ ಗಡ್ಡ ಬಂದಂತಾಯಿತು. ಹಾವು ಗಡ್ಡಸಮೇತ ನುಂಗಿತು. ಬಾಯಿಯ ಅಂಚಿನಲ್ಲಿ ಒಂದು ಚೂರು ಹಲ್ಲುಕಡ್ಡಿಯಂತೆ ಸಿಕ್ಕಿಕೊಂಡಿತು. ಒಸಡಿಗೆ ಚುಚ್ಚಿದರೆ ಬಾಯಿ ಕೀವಾಗುತ್ತದೆ, ಹೆಚ್ಚು ನುಂಗಿದರೆ ಕರುಳು ಕಟ್ಟಿಕೊಳ್ಳುತ್ತದೆ ಎನ್ನುತ್ತ ವೈದ್ಯರು ಅದನ್ನು ಚಿಮಟದಿಂದ ತೆಗೆದರು.

ಈಗ ಇಲಿಯನ್ನು ಚೆನ್ನಾಗಿ ಒಣಗಿಸಿ, ತಟ್ಟೆಯ ಮೇಲೆ ಹಿಡಿದು ಇಕ್ಕಳದಿಂದ ಬಡಿಸುತ್ತೇನೆ. ಒಣಗಿಸಲು ಬಳಸುವ ಹೇರ್ ಡ್ರೈಯರ್ ನನ್ನದಲ್ಲ. ಅದರ ಒಡತಿಗೆ ಈ ಸಂಗತಿ ಇನ್ನೂ ತಿಳಿದಿಲ್ಲ.