ಹುಡುಗರ ಕೈಗೂ ಸ್ವಲ್ಪ ದುಡ್ಡು ಕೊಡಿ

ಇಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ನಮ್ಮ ಪಕ್ಕದ ಮನೆ ಹುಡುಗಿ ಇತಿಹಾಸ ಓದುತ್ತಿದ್ದಾಳೆ. ಕಪ್ಪು ಜನಾಂಗದವಳು. ತನ್ನ ಅಜ್ಜಿಯ ಚರ್ಚಿಗೆ ಬರುವವರ ಮನೆಗಳಲ್ಲಿರುವ ಹಳೇ ಕಾಗದಗಳನ್ನು ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕುತ್ತೇನೆ ಅಂತ ಎರಡು ಪುಟ ಬರೆದುಕೊಟ್ಟಳು, ಕಾಲೇಜು 1,200 ಡಾಲರ್ ಕೊಟ್ಟಿತು. ತಮ್ಮ ಜನರ ಚರಿತ್ರೆ ಹುಡುಕುವ ನಮ್ಮೂರ ವಿದ್ಯಾರ್ಥಿಗಳಿಗೂ ಹೀಗೆ ಸ್ವಲ್ಪ ದುಡ್ಡು ಸಿಗಬೇಕು ಅನ್ನೋದು ನನ್ನ ಮಾತು.

ಒಂದು ಶನಿವಾರ ನಾನೂ ಸಹಾಯಕ್ಕೆ ಹೋಗಿದ್ದೆ. ಅಜ್ಜಿಯೊಬ್ಬರು ಬಿಸ್ಕತ್ತಿನ ಡಬ್ಬಿ ತಂದರು. ಅದರ ತುಂಬಾ ಅಂತ್ಯಸಂಸ್ಕಾರದ ದಿನ ಹಂಚುವ ಸಣ್ಣ ಪುಸ್ತಕಗಳು. ಮೇಲೆ ಫೋಟೋ, ಒಳಗೆ ಹುಟ್ಟಿದ ಊರು, ಅಪ್ಪ ಅಮ್ಮ, ಮಾಡಿದ ಕೆಲಸ, ಮಕ್ಕಳು, ಶವಪೆಟ್ಟಿಗೆಗೆ ಹೆಗಲು ಕೊಟ್ಟವರ ಹೆಸರು ಕೂಡ. ಇದು ಯಾಕೆ ದೊಡ್ಡದು ಅಂದ್ರೆ, 1850 ಮತ್ತು 1860ರ ಇಲ್ಲಿನ ಜನಗಣತಿಯಲ್ಲಿ ಬಹುಪಾಲು ಗುಲಾಮರಿಗೆ ಹೆಸರೇ ಇಲ್ಲ, ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ, ಇಂಥದ್ದಷ್ಟೇ ಬರೆದಿದ್ದರು. ಅವರ ಹೆಸರು ಬಂದದ್ದು 1870ರಲ್ಲಿ. ಆ ಡಬ್ಬಿಯಲ್ಲಿ ಮೂರು ತಲೆಮಾರಿನ ಹೆಸರುಗಳಿದ್ದವು.

ದುಡ್ಡು ಸ್ಕ್ಯಾನರಿಗೆ, ಪೆಟ್ರೋಲಿಗೆ, ಮಧ್ಯಾಹ್ನದ ಊಟಕ್ಕೆ ಹೋಯಿತು. ಕಥೆ ಹೇಳಿದ ಪ್ರತಿ ಹಿರಿಯರಿಗೂ 50 ಡಾಲರ್ ಕೊಟ್ಟಳು. ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಹುಡುಗರಿಂದ ಏನಾಗುತ್ತೆ ಅನ್ನುವವರು ಡೆಲವೇರ್ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ಒಂದು ತರಗತಿಯಿಂದ ಶುರುವಾದ 'ಕಲರ್ಡ್ ಕನ್ವೆನ್ಷನ್ಸ್' ಕೆಲಸ ನೋಡಬೇಕು. 1830ರಿಂದ ಕಪ್ಪು ಜನ ತಮ್ಮ ಹಕ್ಕಿಗಾಗಿ ಸೇರಿ ನಡೆಸಿದ ಸಭೆಗಳ ದಾಖಲೆ ಅದು. ದಾಖಲೆಯಲ್ಲಿ ಕಾಣುವುದು ಹೆಚ್ಚಾಗಿ ಗಂಡಸರೇ. ಹಾಗಾಗಿ ಸಭೆಗೆ ಬಂದ ಒಬ್ಬ ಪ್ರತಿನಿಧಿಯ ಬಗ್ಗೆ ಬರೆದರೆ ಅವನ ಹೆಂಡತಿ, ಮಗಳು, ಹೀಗೆ ಒಬ್ಬ ಹೆಣ್ಣಿನ ಬದುಕನ್ನೂ ಹುಡುಕಿ ಬರೆಯಬೇಕು ಅಂತ ಕಟ್ಟುಪಾಡು ಮಾಡಿಕೊಂಡರು. ಎಂಥ ಒಳ್ಳೆ ಯೋಚನೆ ಅಲ್ವಾ!

ನಾನು ಊರಲ್ಲಿ ಎಂ.ಎ. ಓದುವಾಗ ಉತ್ತರ ಕನ್ನಡದ ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹಿರಿಯರ ಮಾತು ರೆಕಾರ್ಡ್ ಮಾಡಬೇಕು ಅಂತ ಹೊರಟಿದ್ದೆ. ಬಸ್ ಚಾರ್ಜು ಕೇಳಿದರೆ "ಇದಕ್ಕೆಲ್ಲ ಹೆಡ್ ಇಲ್ಲ" ಅಂದರು, ಅಂದ್ರೆ ಲೆಕ್ಕದಲ್ಲಿ ಈ ಖರ್ಚಿಗೆ ಜಾಗವೇ ಇಲ್ಲ ಅಂತ. ಕೈಯಿಂದ ಹಾಕಿ ಮೂರು ಸಲ ಹೋದೆ, ಆಮೇಲೆ ಆಗಲಿಲ್ಲ. ಆ ಕ್ಯಾಸೆಟ್ಟುಗಳು ಮಳೆಗಾಲದಲ್ಲಿ ಬೂಸ್ಟು ಹಿಡಿದು ಹೋದವು, ಮಾತಾಡಿದ ಅಜ್ಜನೂ ಈಗಿಲ್ಲ.

ಸಿದ್ದಿಗಳ ಹಿರೀಕರೂ ಆಫ್ರಿಕಾದಿಂದ ಬಂದವರು, ಎಷ್ಟೋ ಜನ ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ಸಿದ್ದಿ ಹೆಂಗಸರು ಹೊಲಿಯುವ ಕೌದಿ ಈಗ ವಿದೇಶದವರಿಗೂ ಗೊತ್ತು. ಆದರೆ ಅದರಲ್ಲಿರುವ ತುಂಡು ಯಾರ ಸೀರೆಯದು, ಯಾವ ಮಗುವಿಗೆ ಅಂತ ಹೊಲಿದದ್ದು, ಇದನ್ನು ಮನೆಯ ಮೊಮ್ಮಗಳು ಕೇಳಿದಷ್ಟು ಚೆನ್ನಾಗಿ ಹೊರಗಿನವರು ಕೇಳಲಾರರು. ಹಳಿಯಾಳದಲ್ಲೋ ಮುಂಡಗೋಡಿನಲ್ಲೋ ಕಾಲೇಜಿಗೆ ಹೋಗುವ ಸಿದ್ದಿ ಹುಡುಗಿಗೆ ಒಂದು ಫೋನು, ಒಂದು ಮೈಕು, ಓಡಾಟದ ಖರ್ಚು ಸಿಕ್ಕರೆ ಸಾಕು. ಎರಡು ಪುಟದ ಅರ್ಜಿ ಇರಲಿ. ರೆಕಾರ್ಡ್ ಮಾಡಿದ್ದರ ಒಂದು ಪ್ರತಿ ಲೈಬ್ರರಿಯಲ್ಲಿ ಉಳಿಯಲಿ, ಒಂದು ಆ ಮನೆಯಲ್ಲಿ.

ನಮ್ಮ ಕನ್ನಡ ಕೂಟದಲ್ಲಿ ಈ ಮಾತು ಎತ್ತಿದ್ದೇನೆ. ಮೊದಲ 20,000 ರೂಪಾಯಿ ನಾನು ಕೊಡುತ್ತೇನೆ.